ಕಂದೀಲು ಛಾಪಿನ ಬೇಳೆ

ನನ್ನ ತಂಗಿಯನ್ನು ಅಫಜಲಪುರಕ್ಕೆ ಕೊಟ್ಟಿದ್ದೆವು. ಅವಳ ಮದುವೆಯಾದ ವರ್ಷದಿಂದಲೂ ಹೊಸ ಬೇಳೆ ಬಂದ ಕೂಡಲೇ ನಮ್ಮ ಮಿಲ್ಲಿನ ಒಂದು ಚೀಲ ಅವಳ ಮನೆಗೆ ಹೋಗುತ್ತಿತ್ತು. ಚೀಲದ ಮೇಲೆ ಕೆಂಪು ಬಣ್ಣದ ತಕ್ಕಡಿಯ ಚಿತ್ರ. ಅದು ನಮ್ಮ ಅಪ್ಪನ ಕಾಲದ ಛಾಪು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಸಂಕ್ರಾಂತಿಯ ಮರುದಿನ ಅವಳ ಮನೆಗೆ ಹೋಗಿದ್ದೆ. ಕೈಕಾಲು ತೊಳೆಯಲು ಹಿತ್ತಲಿಗೆ ಹೊರಟವನಿಗೆ ಅಡುಗೆಮನೆಯ ಮೂಲೆಯಲ್ಲಿ ಬಾಯಿ ಬಿಚ್ಚಿದ ಚೀಲವೊಂದು ಕಂಡಿತು. ಅದರ ಮೇಲೆ ತಕ್ಕಡಿ ಇರಲಿಲ್ಲ. ಹಸಿರು ಬಣ್ಣದ ಕಂದೀಲು ಇತ್ತು.

"ನಾ ಕಳಿಸಿದ್ದು ಮುಗೀತೇನವ್ವ?" ಎಂದು ಕೇಳಿದೆ.

"ಮುಗಿದಿಲ್ಲಣ್ಣ, ಅಟ್ಟದ ಮ್ಯಾಲ ಅದ," ಎಂದಳು. "ಇದು ನಮ್ಮತ್ತಿಯವರು ತರಸ್ಯಾರ. ನೀರು ಕುದಿಯೂದೇ ತಡ, ಬೆಣ್ಣಿ ಹಂಗ ಕರಗಿಬಿಡ್ತದ ನೋಡು." ಅಷ್ಟು ಹೇಳಿದ ಮೇಲೆ ಯಾರಿಗೆ ಏನು ಹೇಳಿದೆನೆಂದು ಅವಳಿಗೆ ಹೊಳೆಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಲೆಯ ಕಡೆ ತಿರುಗಿದಳು.

ಊಟಕ್ಕೆ ಆ ಬೇಳೆಯದೇ ಸಾರು. ಚೆನ್ನಾಗಿತ್ತು. ಎರಡನೆಯ ಸಲವೂ ಹಾಕಿಸಿಕೊಂಡೆ. ಹೊಟ್ಟೆ ತುಂಬಿತು, ಆದರೆ ಹೊಟ್ಟೆಕಿಚ್ಚು ಆರಲಿಲ್ಲ. ನಮ್ಮೂರು ಆಳಂದಕ್ಕೆ ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಹಸಿರು ಕಂದೀಲೇ ಕಣ್ಣ ಮುಂದೆ ಇತ್ತು.

ಆ ಛಾಪಿನ ಮಾಲೀಕರು ಮೂಲತಃ ಹತ್ತಿರದ ಹಳ್ಳಿ ನಿಂಬರ್ಗಾದವರು. ನಾನು ಇಲ್ಲಿ ಯಾರ ಹೆಸರನ್ನೂ ಬರೆಯುತ್ತಿಲ್ಲ. ಅವರನ್ನು ನಿಂಬರ್ಗಾದವರು ಎಂದೇ ಕರೆಯುತ್ತೇನೆ. ಆಳಂದದಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಒಕ್ಕಲುತನದ ಮನೆಯಿಂದ ಬಂದವರು, ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ಮುಚ್ಚಿಹೋಗಿದ್ದ ಒಂದು ಎಣ್ಣೆ ಗಿರಣಿಯ ಶೆಡ್ಡನ್ನು ಬಾಡಿಗೆಗೆ ಹಿಡಿದು ಬೇಳೆ ಮಿಲ್ಲು ಹಾಕಿದ್ದರು. ನನ್ನದು ನಿಜಾಮರ ಕಾಲದ ಮಿಲ್ಲು. ಹಳೆಯ ಬೋರ್ಡಿನ ಮೇಲೆ ಉರ್ದು ಅಕ್ಷರಗಳು ಇನ್ನೂ ಅರ್ಧಂಬರ್ಧ ಕಾಣುತ್ತಿದ್ದವು. ನಾನು ಗುಲಬರ್ಗಾದಲ್ಲಿ ಕಾಲೇಜು ಓದಿ ಬಂದವನು. ಇಂಗ್ಲಿಷಿನಲ್ಲಿ ಪತ್ರ ಬರೆಯಬಲ್ಲೆ, ಮರಾಠಿಯಲ್ಲಿ ಮಾತಾಡಬಲ್ಲೆ. ಇಷ್ಟೆಲ್ಲ ಇದ್ದೂ ಸೊಲ್ಲಾಪುರದ ಅಂಗಡಿಗಳಲ್ಲಿ ಜನ "ಕಂದೀಲ ಕೊಡ್ರಿ" ಎಂದು ಕೇಳುತ್ತಿದ್ದರು. ಬೇಳೆ ಎಂಬ ಮಾತನ್ನೂ ಆಡುತ್ತಿರಲಿಲ್ಲ, ಬರೀ ಕಂದೀಲು.

ಅವರ ಗುಟ್ಟು ಏನಿರಬಹುದೆಂದು ಪತ್ತೆ ಮಾಡಲು ನಾನು ಪಟ್ಟ ಪಾಡನ್ನು ಹೇಳಲು ನಾಚಿಕೆಯಾಗುತ್ತದೆ. ತೊಗರಿಗೆ ಎಣ್ಣೆ ಸವರಿ, ನೀರು ಕುಡಿಸಿ, ಬಿಸಿಲಿಗೆ ಹರಡಿ, ಆಮೇಲೆ ಸಿಪ್ಪೆ ಬಿಡಿಸುವ ರೋಲರಿಗೆ ಕೊಡುವುದು ಎಲ್ಲರೂ ಮಾಡುವ ಕೆಲಸ. ಅವರ ಅಂಗಳದಲ್ಲಿ ತೊಗರಿ ಎಷ್ಟು ದಿನ ಬಿಸಿಲು ಕಾಯುತ್ತದೆಂದು ನೋಡಲು ಆ ರಸ್ತೆಯಲ್ಲಿ ಸೈಕಲ್ ನಿಲ್ಲಿಸಿ, ಚೈನು ಬಿದ್ದವರ ಹಾಗೆ ಬಗ್ಗಿ ಕೂಡುತ್ತಿದ್ದೆ. ಅವರು ನಮಗಿಂತ ಎರಡು ದಿನ ಹೆಚ್ಚು ಒಣಗಿಸುತ್ತಿದ್ದರು. ನಾನೂ ಎರಡು ದಿನ ಹೆಚ್ಚು ಒಣಗಿಸಿದೆ. ಬೇಳೆಯಲ್ಲಿ ಏನೂ ಫರಕು ಬೀಳಲಿಲ್ಲ. ಒಂದು ದಿನ ಹಾಗೆ ಬಗ್ಗಿ ಕೂತಿದ್ದಾಗ ಅವರೇ ಗೇಟಿನಿಂದ ಹೊರಗೆ ಬಂದು, "ಏನಾತ್ರೀ ಸಾವ್ಕಾರ್ರ, ಚೈನು ಬಿತ್ತೇನು? ಸರೀರಿ, ನಾ ಹಾಕ್ತೀನಿ," ಎಂದು ಪಕ್ಕದಲ್ಲಿ ಕೂತರು. ಬೀಳದ ಚೈನನ್ನು ನಾನೇ ಬೆರಳಿನಿಂದ ಎಳೆದು ಬೀಳಿಸಬೇಕಾಯಿತು. ಅವರು ಅದನ್ನು ಹಾಕಿ, ಕೈಯ ಮಸಿಯನ್ನು ತಮ್ಮ ಧೋತರಕ್ಕೇ ಒರೆಸಿಕೊಂಡು ನಕ್ಕರು.

ಬೇಳೆ ಹಸನು ಮಾಡಲು ಬರುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ನಮ್ಮಲ್ಲಿ ಬಿಟ್ಟು ಅವರ ಮಿಲ್ಲಿಗೆ ಹೋದರು. ಅಲ್ಲಿ ಕೂಲಿ ಹೆಚ್ಚೇನೂ ಇರಲಿಲ್ಲ. ಹಾಗಾದರೆ ಯಾಕೆ ಹೋಗುತ್ತೀಯೆಂದು ಒಬ್ಬಳನ್ನು ಕೇಳಿದರೆ, "ಅವ್ರು ಹೆಸರು ಹಿಡಿದು ಮಾತಾಡಸ್ತಾರ್ರಿ," ಎಂದಳು. ನನ್ನ ಮಿಲ್ಲಿಗೆ ಒಂಬತ್ತು ವರ್ಷ ಬಂದಿದ್ದ ಆಕೆಯ ಹೆಸರು ನನಗೆ ಆಗಲೂ ನೆನಪಾಗಲಿಲ್ಲ.

ಶಾಲೆಯ ಗ್ಯಾದರಿಂಗಿನಲ್ಲಿ ಅವರಿಗೆ ಕುರ್ಚಿ, ನನಗೂ ಕುರ್ಚಿ. ಆದರೆ ಹಾರ ಮೊದಲು ಅವರ ಕೊರಳಿಗೆ. ಮನೆಗೆ ಬಂದು ಇಂಥದ್ದನ್ನೆಲ್ಲ ಹೆಂಡತಿಯ ಮುಂದೆ ಹೇಳುತ್ತಿದ್ದೆ. ಒಮ್ಮೆ ಅವಳು ರೊಟ್ಟಿ ಬಡಿಯುತ್ತಲೇ, "ನೀವು ದಿನಾ ಅವರ ಸುದ್ದಿ ತೆಗೀತೀರಿ. ಅವರು ನಿಮ್ಮ ಸುದ್ದಿ ತೆಗೀತಾರೋ ಇಲ್ಲೋ," ಎಂದಳು. ಅವಳಿಗೆ ನನ್ನನ್ನು ನೋಯಿಸುವ ಮನಸ್ಸಿರಲಿಲ್ಲ. ಆದರೂ ಆ ಮಾತು ನಾಟಿತು. ನನ್ನ ಹಗಲೆಲ್ಲ ತುಂಬಿಕೊಂಡಿದ್ದ ಮನುಷ್ಯನ ಹಗಲಿನಲ್ಲಿ ನಾನು ಇರಲೇ ಇಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲೊಂದು. ದೀಪಾವಳಿ ಹತ್ತಿರ ಬಂದಿತ್ತು. ಹೊಸ ತೊಗರಿ ಬರಲು ಇನ್ನೂ ಎರಡು ತಿಂಗಳಿತ್ತು, ಹಳೆಯದು ಎಲ್ಲರ ಗೋದಾಮಿನಲ್ಲೂ ಮುಗಿಯುತ್ತಿತ್ತು. ಸೊಲ್ಲಾಪುರದಿಂದ ಮಾತ್ರ ಬೇಡಿಕೆ ಬರುತ್ತಲೇ ಇತ್ತು. ಅಂಥ ಒಂದು ಮಧ್ಯಾಹ್ನ ಖಜೂರಿಯ ಆಚೆಯಿಂದ, ಮಹಾರಾಷ್ಟ್ರದ ಗಡಿ ದಾಟಿ, ಒಬ್ಬ ವ್ಯಾಪಾರಿ ಲಾರಿ ತುಂಬ ಒಡೆದ ಬೇಳೆ ತಂದು ನನ್ನ ಗೇಟಿನ ಮುಂದೆ ನಿಲ್ಲಿಸಿದ. ಕಾಳಲ್ಲ, ತಯಾರಾದ ಬೇಳೆ. ನಮ್ಮ ಚೀಲಕ್ಕೆ ತುಂಬಿ ಛಾಪು ಹೊಡೆದರೆ ಸಾಕು, ಮರುದಿನವೇ ಕಳಿಸಬಹುದು.

ಒಂದು ಚೀಲ ಬಿಚ್ಚಿಸಿ ಒಂದು ಚಿಟಿಕೆಯಷ್ಟನ್ನು ಅಂಗೈ ಮೇಲೆ ಹಾಕಿಕೊಂಡೆ. ನನಗೆ ಬರುತ್ತಿದ್ದ ವಿದ್ಯೆ ಅದೊಂದೇ. ಅಪ್ಪ ಕಲಿಸಿದ್ದು. ತೊಗರಿ ಬೇಳೆಯ ಬೆನ್ನು ಗುಂಡಗೆ ಇರುತ್ತದೆ. ಅದನ್ನೇ ಹೋಲುವ ಲಾಖ್ ಎಂಬ ಇನ್ನೊಂದು ಬೇಳೆ ಇದೆ, ಅಗ್ಗದ್ದು. ಅದರ ಬೆನ್ನು ಒಂದು ಬದಿಗೆ ಕೊಡಲಿಯಿಂದ ಕೆತ್ತಿದ ಹಾಗೆ ಇಳಿಜಾರು. ಅದನ್ನು ತಿಂಗಳುಗಟ್ಟಲೆ ತಿಂದವರ ಕಾಲು ಸೆಟೆದು ನಡೆಯಲು ಬರದಂತಾಗುತ್ತದೆ ಎಂದು ಸರ್ಕಾರ ಮಾರಾಟ ನಿಲ್ಲಿಸಿತ್ತು. ನನ್ನ ಅಂಗೈಯ ಮೇಲೆ ಹತ್ತರಲ್ಲಿ ಎರಡು ಹಾಗೆ ಇಳಿಜಾರಾಗಿದ್ದವು.

"ನಮಗ ಸದ್ಯ ಬ್ಯಾಡ್ರಿ," ಎಂದೆ.

ಆತ ಜೋಲುಮೋರೆ ಮಾಡಿಕೊಂಡು, "ಮತ್ತ ಇಲ್ಲಿ ಯಾರರೆ ತಗೋತಾರೇನ್ರಿ?" ಎಂದ.

ಅಂಗೈಯ ಬೇಳೆಯನ್ನು ಚೀಲಕ್ಕೆ ಸುರಿದೆ. ಆಮೇಲೆ ಕೈಯೆತ್ತಿ ರಸ್ತೆ ತೋರಿಸಿದೆ. "ಮುಂದ ಕಂದೀಲಿನವ್ರು ಅದಾರಲ್ಲ, ಅವ್ರಿಗೆ ಮಾಲು ಬೇಕಾಗ್ಯಾದ. ಕೇಳಿ ನೋಡ್ರಿ."

ಲಾರಿ ತಿರುಗಿ ಹೋಯಿತು. ಧೂಳು ಅಡಗುವ ತನಕ ನಾನು ಗೇಟಿನಲ್ಲೇ ನಿಂತಿದ್ದೆ. ಅವರಿಗೂ ಕಣ್ಣಿದೆ, ನೋಡಿಕೊಳ್ಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಅವರು ನೋಡಿಕೊಳ್ಳದಿರಲಿ ಎಂದೇ ನನ್ನ ಆಸೆ.

ಮೂರು ವಾರ ಕಳೆದಿರಬೇಕು. ನಮ್ಮ ಮಾಲು ಇಳಿಸಿ ಬಂದ ಲಾರಿ ಡ್ರೈವರು ಸೊಲ್ಲಾಪುರದ ಒಂದು ಮರಾಠಿ ಪೇಪರು ತಂದುಕೊಟ್ಟ. ಅಲ್ಲಿಯ ಒಂದು ಬೋರ್ಡಿಂಗಿನಲ್ಲಿ ಅಡುಗೆಯವನಿಗೆ ಬೇಳೆಯ ಬಗ್ಗೆ ಅನುಮಾನ ಬಂದು ಯಾರಿಗೋ ತೋರಿಸಿದ್ದಾನೆ, ಇನ್‌ಸ್ಪೆಕ್ಟರು ಬಂದು ಸ್ಯಾಂಪಲ್ ಒಯ್ದಿದ್ದಾರೆ, ಲಾಖ್ ಬೆರೆತಿದ್ದು ಖಾತ್ರಿಯಾಗಿದೆ, ಚೀಲದ ಮೇಲೆ ಕಂದೀಲಿನ ಛಾಪಿದೆ. ಊರು ಆಳಂದ ಎಂದು ಬರೆದಿತ್ತು.

ನಾನು ಅದನ್ನು ಮೂರು ಸಲ ಓದಿದೆ. ಗಲ್ಲಾ ಪೆಟ್ಟಿಗೆಯ ಮುಂದೆ ಕೂತಿದ್ದವನು ಎದ್ದು, ಹಮಾಲರೂ ಸೇರಿ ಅಲ್ಲಿದ್ದ ಎಲ್ಲರಿಗೂ ಚಹಾ ತರಿಸಿದೆ. ಯಾಕೆಂದು ಯಾರಿಗೂ ತಿಳಿಯಲಿಲ್ಲ. ನಮ್ಮ ಹಿರಿಯ ಹಮಾಲನೊಬ್ಬ, "ಮನ್ಯಾಗ ಏನರೆ ಸಿಹಿ ಸುದ್ದಿ ಅದೇನ್ರಿ ಧಣ್ಯಾರ?" ಎಂದು ಕೇಳಿದ. ನಾನು ನಕ್ಕುಬಿಟ್ಟೆ. ಬೋರ್ಡಿಂಗಿನಲ್ಲಿ ಉಂಡವರ ಗತಿ ಏನು ಎಂಬುದು ಆ ಹೊತ್ತು ನನ್ನ ತಲೆಗೆ ಬರಲೇ ಇಲ್ಲ. ಬಹಳ ದಿನ ಉಂಡಿರಲಿಲ್ಲವಾದ್ದರಿಂದ ಯಾರಿಗೂ ಏನೂ ಆಗಲಿಲ್ಲ ಎಂದು ಆಮೇಲೆ ತಿಳಿಯಿತು. ಅದು ನನ್ನ ಪುಣ್ಯ. ಆ ಬೇಳೆಯನ್ನು ಮೊದಲು ಕಂಡವನು ನಾನೇ ಅಲ್ಲವೇ.

ಆ ಕಾಲದಲ್ಲಿ ಆಳಂದ, ಅಫಜಲಪುರ, ಜೇವರ್ಗಿಯ ಮಿಲ್ಲಿನವರು ಸೇರಿ ಒಂದು ಸಂಘ ಮಾಡಿಕೊಂಡಿದ್ದೆವು. ನಾನು ಅದರ ಕಾರ್ಯದರ್ಶಿ. ನಿಂಬರ್ಗಾದವರೂ ಸದಸ್ಯರೇ. ಎರಡೇ ದಿನದಲ್ಲಿ ನಾನು ಸಭೆ ಕರೆದೆ. ಅವರೊಬ್ಬರಿಗೆ ಮಾತ್ರ ಹೇಳಿ ಕಳಿಸಲಿಲ್ಲ.

ಎಂಟು ಜನ ಬಂದಿದ್ದರು. ಒಬ್ಬೊಬ್ಬರ ಮುಖದಲ್ಲೂ ಒಂದೊಂದು ಬಗೆಯ ಗಾಂಭೀರ್ಯ. ಅದರ ಕೆಳಗೆ ಎಲ್ಲರಿಗೂ ಹಿಗ್ಗು. ಅಫಜಲಪುರದ ಒಬ್ಬ ಚಿಕ್ಕ ವಯಸ್ಸಿನ ಮಾಲೀಕ ಮೊದಲೇ ಬಾಯಿ ಬಿಟ್ಟ: "ಅವರ ಗಿರಾಕಿ ಈಗ ಖಾಲಿ ಕೂತಾರ್ರಿ. ಎಂಟು ದಿನದಾಗ ಹಿಡೀಲಿಲ್ಲಂದ್ರ ಲಾತೂರಿನವರು ಹಿಡೀತಾರ." ಇನ್ನೊಬ್ಬರು ನಿಟ್ಟುಸಿರು ಬಿಟ್ಟು, "ಪಾಪ, ಒಳ್ಳೇ ಮನಷ್ಯಾ," ಎಂದು, ಅದೇ ಉಸಿರಿನಲ್ಲಿ, "ಸೊಲ್ಲಾಪುರದಾಗ ಅವ್ರು ಯಾವ ದಲಾಲರಿಗೆ ಕೊಡ್ತಿದ್ರು?" ಎಂದು ಕೇಳಿದರು.

ಜೇವರ್ಗಿಯಿಂದ ಬಂದಿದ್ದ ಹಿರಿಯರೊಬ್ಬರು ಮಾತ್ರ ಬೇರೆ. ನಮ್ಮೆಲ್ಲರಿಗಿಂತ ದೊಡ್ಡವರು, ಹಿಂದೂಗಳಾದ ನಾವೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದೆವು. ಅವರು ಎಲ್ಲ ಕೇಳಿಸಿಕೊಂಡು, "ದೇಖೋ, ಅಂಥಾ ಮಾಲಿನ ಲಾರಿ ಅವರೊಬ್ಬರ ಬಾಗಲಿಗೇ ಬರೂದಿಲ್ಲ. ಇವತ್ತಿಲ್ಲ ನಾಳೆ ನಮ್ಮ ಬಾಗಲಿಗೂ ಬರ್ತದ," ಎಂದರು.

ಆ ಮಾತು ನನಗೇ ಎಂದುಕೊಂಡೆ. ಆದರೆ ಅವರು ನನ್ನನ್ನು ನೋಡಿ ಹೇಳಿರಲಿಲ್ಲ.

ಎಲ್ಲ ದಲಾಲರಿಗೂ ಒಂದು ಪತ್ರ ಕಳಿಸುವುದೆಂದು ತೀರ್ಮಾನವಾಯಿತು. ಬರೆಯುವ ಕೆಲಸ ನನಗೇ ಬಂತು. ಸದರಿ ಮಿಲ್ಲಿಗೂ ನಮ್ಮ ಸಂಘಕ್ಕೂ ಯಾವ ಸಂಬಂಧವೂ ಇರುವುದಿಲ್ಲ, ನಮ್ಮ ಸದಸ್ಯರ ಮಾಲು ಶುದ್ಧವಾದದ್ದು ಎಂದು ಅಲ್ಲೇ ಕೂತು ಬರೆದು ಓದಿದೆ. ಚಾಚಾ ಕೈಯೆತ್ತಿದರು. "ಒಂದು ಮಾತು ಸೇರಸು ಬೇಟಾ. ಯಾರರೆ ಬರ್ಲಿ, ನಮ್ಮ ಯಾವ ಮಿಲ್ಲಿಗರೆ ಬರ್ಲಿ, ಯಾವ ಚೀಲರೆ ಬಿಚ್ಚಿ ನೋಡ್ಲಿ ಅಂತ ಬರಿ." ಎಲ್ಲರೂ ಹೂಂ ಎಂದರು. ನಾನೂ ಹೂಂ ಎಂದೆ.

ಮರುದಿನ ಟೈಪು ಮಾಡಿಸುವಾಗ ಆ ಸಾಲನ್ನು ಬಿಟ್ಟುಬಿಟ್ಟೆ. ಚೀಲ ಬಿಚ್ಚಿಸಲು ನನಗೆ ಹೆದರಿಕೆ ಏನೂ ಇರಲಿಲ್ಲ. ನನ್ನ ಮಾಲು ಶುದ್ಧವಾಗಿಯೇ ಇತ್ತು. ಆದರೆ ಆ ಸಾಲು ಸೇರಿದರೆ ಪತ್ರ ನಮ್ಮೆಲ್ಲರ ಬಗ್ಗೆ ಆಗುತ್ತಿತ್ತು. ಅದು ಅವರೊಬ್ಬರ ಬಗ್ಗೆ ಇರಬೇಕೆಂದು ನನ್ನ ಹಟ. ಸೊಲ್ಲಾಪುರ, ಲಾತೂರು, ಹೈದರಾಬಾದು ಎಲ್ಲ ಕಡೆ ಕಳಿಸಿದೆ. ಅದು ಸಾಲದೆಂದು ಪೇಂಟರನನ್ನು ಕರೆಸಿ, 'ನಮ್ಮಲ್ಲಿ ಲಾಖ್ ಬೆರೆಸುವುದಿಲ್ಲ' ಎಂದು ಮಿಲ್ಲಿನ ಗೋಡೆಯ ಮೇಲೆ ಮಾರುದ್ದದ ಅಕ್ಷರದಲ್ಲಿ ಬರೆಸಿದೆ. ಗಂಜ್ ಮಾರುಕಟ್ಟೆಗೆ ಹೋಗುವ ರೈತರು ನಿಂತು ಓದುತ್ತಿದ್ದರು. ಒಬ್ಬ ಮುದುಕ ಒಳಗೇ ಬಂದು ಕೇಳಿದ: "ಅಲ್ರೀ ಸಾವ್ಕಾರ್ರ, ಹಂಗಂದ್ರ ಮೊದಲು ಬೆರಸ್ತಿದ್ರೇನು?"

ಆ ಬರಹವನ್ನು ಸುಣ್ಣ ಹೊಡೆಸಿ ಅಳಿಸಬೇಕಾಯಿತು. ಪತ್ರವನ್ನು ಅಳಿಸಲು ಬರಲಿಲ್ಲ. ಹೈದರಾಬಾದಿನವರಿಗೂ ಲಾತೂರಿನವರಿಗೂ ಅಲ್ಲಿಯವರೆಗೆ ಈ ಸುದ್ದಿಯೇ ಗೊತ್ತಿರಲಿಲ್ಲ. ನಮ್ಮ ಪತ್ರದಿಂದ ಗೊತ್ತಾಯಿತು. ಹತ್ತು ದಿನದಲ್ಲಿ ಉತ್ತರಗಳು ಬಂದವು. ಎಲ್ಲದರ ಸಾರಾಂಶ ಒಂದೇ: ಸದ್ಯಕ್ಕೆ ಆಳಂದದ ಕಡೆಯ ಯಾವ ಛಾಪಿನ ಬೇಳೆಯನ್ನೂ ಕಳಿಸಬೇಡಿ. ಸೊಲ್ಲಾಪುರಕ್ಕೆ ಹೊರಟಿದ್ದ ನನ್ನ ಲಾರಿಯೂ ಇಳಿಸಲು ಜಾಗ ಸಿಗದೆ ವಾಪಸು ಬಂತು. ತಕ್ಕಡಿ ಛಾಪಿನ ಚೀಲಗಳನ್ನು ನಮ್ಮ ಹಮಾಲರು ಮತ್ತೆ ಗೋದಾಮಿಗೆ ಹೊರುತ್ತಿದ್ದರೆ ನಾನು ನೋಡುತ್ತ ನಿಂತಿದ್ದೆ.

ಇತ್ತ ನಿಂಬರ್ಗಾದವರು ಏನು ಮಾಡುತ್ತಿದ್ದಾರೆಂಬ ಸುದ್ದಿಯೂ ಬರುತ್ತಿತ್ತು. ಡ್ರೈವರುಗಳು ಖಜೂರಿಯ ಹೋಟೆಲಿನಲ್ಲಿ ಅದನ್ನೇ ಮಾತಾಡುತ್ತಿದ್ದರು. ಅವರು ಬಸ್ಸು ಹತ್ತಿ ತಾವೇ ಸೊಲ್ಲಾಪುರಕ್ಕೆ ಹೋಗಿದ್ದರಂತೆ. ಅಂಗಡಿ ಅಂಗಡಿಗೆ ನಡೆದು, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತು, "ನನ್ನ ಚೀಲದಾಗ ಬಂದದ, ಅಂದ್ರ ನನ್ನದೇ ತಪ್ಪು," ಎನ್ನುತ್ತಿದ್ದರಂತೆ. ಇನ್‌ಸ್ಪೆಕ್ಟರು ಸೀಲು ಮಾಡಿದ್ದನ್ನು ಬಿಟ್ಟು ಉಳಿದ ಕಂದೀಲಿನ ಚೀಲಗಳನ್ನೆಲ್ಲ, ಒಳ್ಳೆಯದು ಕೆಟ್ಟದು ಎನ್ನದೆ, ವಾಪಸು ತಂದು ಅಂಗಳದಲ್ಲಿ ಸುರಿಸಿದ್ದರಂತೆ. ಮುಂದೆ ಕೋರ್ಟಿನಲ್ಲೂ ತಕರಾರು ತೆಗೆಯದೆ ತಪ್ಪೊಪ್ಪಿಕೊಂಡು ದಂಡ ಕಟ್ಟಿದರು.

ಸೊಲ್ಲಾಪುರದ ಸುದ್ದಿ ಹೇಳಿದ ಡ್ರೈವರು ಕಣ್ಣಲ್ಲಿ ನೀರು ತಂದುಕೊಂಡಿದ್ದ. "ಅಂಥಾ ಮನಷ್ಯಾ ಸಿಗೂದಿಲ್ರಿ," ಎಂದ. ನನಗೆ ತಡೆಯಲಾಗಲಿಲ್ಲ. ಕಲಬೆರಕೆ ಬೇಳೆ ಮಾರಿದವರು ಅವರು, ಹೊಗಳಿಕೆಯೂ ಅವರಿಗೇ. ಶುದ್ಧ ಬೇಳೆ ಮಾರಿದ ನನ್ನನ್ನು ಕೇಳುವವರಿಲ್ಲ. ಅವರಿಗೆ ಬಂದ ಅವಮಾನದ ಮೇಲೂ ನನಗೆ ಅಸೂಯೆಯಾಯಿತು ಎಂದರೆ ಯಾರಾದರೂ ನಂಬುತ್ತಾರೆಯೇ? ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಲ್ಲುವುದು ನನ್ನಿಂದ ಆಗುತ್ತಿರಲಿಲ್ಲ. ನಾನಾಗಿದ್ದರೆ ವಕೀಲರನ್ನು ಹಿಡಿಯುತ್ತಿದ್ದೆ, ಲಾರಿಯವನ ಮೇಲೆ ಹಾಕುತ್ತಿದ್ದೆ.

ಡ್ರೈವರನ ಮಾತು ಕೇಳಿದ ವಾರದಲ್ಲೇ ಒಂದು ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದರು. ನಾನು ಊಟ ಮುಗಿಸಿ ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದೆ. ಚಪ್ಪಲಿ ಬಿಟ್ಟು ಒಳಗೆ ಬಂದವರನ್ನು ನೋಡಿ ಅಡಕತ್ತರಿ ಕೆಳಗಿಟ್ಟೆ. ಲಾರಿಯವನು ಹೇಳಿರಬೇಕು, ಜಗಳಕ್ಕೇ ಬಂದಿದ್ದಾರೆ ಎಂದುಕೊಂಡೆ. ಹೆಂಡತಿ ನೀರು ತಂದಿಟ್ಟು ಒಳಬಾಗಿಲ ಹತ್ತಿರ ನಿಂತಳು. ಅವರು ನೀರು ಕುಡಿದು, ಒಂದು ಸಣ್ಣ ಬಟ್ಟೆಯ ಗಂಟನ್ನು ಚಾಪೆಯ ಮೇಲೆ ಬಿಚ್ಚಿದರು. ಆ ಬೇಳೆಯೇ.

"ಸಾವ್ಕಾರ್ರ, ಈ ಮಾಲು ಮೊದಲು ನಿಮ್ಮಲ್ಲಿಗೆ ಬಂದಿತ್ತಂತ. ನೀವು ನೋಡಿ ಬ್ಯಾಡ ಅಂದ್ರಂತ, ಆ ವ್ಯಾಪಾರಿ ಹೇಳಿದ," ಎಂದರು.

"ಹೌದ್ರಿ," ಎಂದೆ.

"ಏನ್ ಕಂಡು ಬ್ಯಾಡ ಅಂದ್ರಿ?"

ಕೇಳುತ್ತಲೇ ಅವರು ಮುಂದಕ್ಕೆ ಬಗ್ಗಿದರು. "ತಪ್ಪು ತಿಳೀಬ್ಯಾಡ್ರಿ. ಆರ್ಡರ್ ಭಾಳ ಇದ್ದವು, ನನಗ ಅವಸರಿತ್ತು, ಆಶಾನೂ ಇತ್ತು. ಆದ್ರ ನಾ ನೋಡದ ತಗೊಂಡಿಲ್ರಿ. ನೋಡೇ ತಗೊಂಡೆ. ನನ್ನ ಕಣ್ಣಿಗೆ ಬೀಳಲಿಲ್ಲ. ನಿಮ್ಮ ಕಣ್ಣಿಗೆ ಬಿತ್ತು. ಅದನ್ನ ನನಗ ಕಲಿಸಿಕೊಡ್ರಿ."

ಬೈಯಲು ಬಂದಿದ್ದರೆ ನನಗೆ ತಿರುಗಿ ಬೈಯಲು ಬರುತ್ತಿತ್ತು. ಅವರ ಅಂಗೈ ಹಿಡಿದು ಅದರ ಮೇಲೆ ಬೇಳೆ ಹಾಕಿದೆ. ಬೆರಳಿನಿಂದ ಒಂದೊಂದನ್ನು ಹೊರಳಿಸಿ, ಇದರ ಬೆನ್ನು ಗುಂಡಗೆ, ಇದರದು ಇಳಿಜಾರು, ನೆರಳಿನಲ್ಲಿ ನೋಡಬಾರದು, ಬಿಸಿಲಿಗೆ ಓರೆಯಾಗಿ ಹಿಡಿಯಬೇಕು ಎಂದು ತೋರಿಸಿದೆ. ಅವರು ಪಡಸಾಲೆಯಿಂದ ಎದ್ದು ಅಂಗಳದ ಬಿಸಿಲಿಗೆ ಹೋಗಿ ಕೂತು, ಬಹಳ ಹೊತ್ತು ಒಂದೊಂದೇ ಬೇಳೆ ಬೇರೆ ಮಾಡಿದರು. ಒಮ್ಮೆಯೂ ತಪ್ಪಲಿಲ್ಲ. "ಈಗ ಕಾಣಾಕತ್ತದ ನೋಡ್ರಿ," ಎಂದು ಮುಖವರಳಿಸಿದರು. ಅಪ್ಪನಿಂದ ನನಗೆ ಮೂರು ವರ್ಷಕ್ಕೆ ದಕ್ಕಿದ ವಿದ್ಯೆ ಅವರಿಗೆ ಅರ್ಧ ಗಂಟೆಯಲ್ಲಿ ದಕ್ಕಿತು. ಅವರಿಗಿಂತ ನಾನು ಮೇಲು ಎನ್ನಲು ನನ್ನ ಹತ್ತಿರ ಇದ್ದದ್ದು ಅದೊಂದೇ. ಅದನ್ನೂ ಒಯ್ದರು.

ಅವರು ಹೋದ ಮೇಲೆ ಹೆಂಡತಿ ಒಳಬಾಗಿಲಿನಿಂದ ಕದಲಲಿಲ್ಲ.

"ಆ ಮಾಲು ಕೆಟ್ಟದ್ದಂತ ನಿಮಗ ಗೊತ್ತಿತ್ತು?" ಎಂದಳು.

"ಗೊತ್ತಿತ್ತು."

"ಅವರಲ್ಲಿಗೆ ಹೋಗ್ತದಂತಾನೂ ಗೊತ್ತಿತ್ತು?"

ನಾನು ಅಡಕತ್ತರಿ ಎತ್ತಿಕೊಂಡೆ. ಅವಳು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಆ ದಿನದಿಂದ ನಾನು ನಿಂಬರ್ಗಾದವರ ಸುದ್ದಿ ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದಳು.

ಹೊರಗಿನವರು ನಮ್ಮ ಬೇಳೆ ಮತ್ತೆ ಕೊಳ್ಳುವಂತೆ ಮಾಡಿದವರು ಜೇವರ್ಗಿಯ ಚಾಚಾ. ಎರಡನೆಯ ಸಭೆಯನ್ನು ಅವರು ತಮ್ಮ ಮಿಲ್ಲಿನಲ್ಲೇ ಕರೆದರು, ನಿಂಬರ್ಗಾದವರನ್ನೂ ಕರೆದು ತಮ್ಮ ಪಕ್ಕದಲ್ಲಿ ಕೂಡಿಸಿಕೊಂಡರು. ನಾನು ಕಳಿಸಿದ ಪತ್ರದ ಪ್ರತಿಯೊಂದು ಅವರ ಕೈಯಲ್ಲಿತ್ತು. ಯಾರೋ ಒಬ್ಬ ದಲಾಲ ಕೊಟ್ಟಿದ್ದ. "ನಾ ಹೇಳಿದ ಮಾತು ಇದರಾಗ ಎಲ್ಲಿ ಹೋತು ಬೇಟಾ?" ಎಂದು ಎಲ್ಲರ ಮುಂದೆ ಕೇಳಿದರು. ಟೈಪು ಮಾಡುವವ ಬಿಟ್ಟಿರಬೇಕು ಎಂದೆ. ಯಾರೂ ನಂಬಲಿಲ್ಲ. ಯಾವ ಮಿಲ್ಲಿನಿಂದ ಲಾರಿ ಹೊರಟರೂ ಇನ್ನೊಂದು ಮಿಲ್ಲಿನವರು ಬಂದು ತಮಗೆ ಬೇಕಾದ ಚೀಲ ಬಿಚ್ಚಿ ನೋಡಬೇಕು ಎಂದು ನಿಶ್ಚಯವಾಯಿತು. ದಲಾಲರಿಗೂ ಹಾಗೆಂದು ಹೊಸ ಪತ್ರ ಹೋಯಿತು. ಈ ಸಲ ಅದನ್ನು ಬರೆದವನು ಅಫಜಲಪುರದ ಆ ಚಿಕ್ಕ ವಯಸ್ಸಿನವನು. ಹೊಸ ತೊಗರಿ ಬರುವ ಹೊತ್ತಿಗೆ ನಮ್ಮ ಲಾರಿಗಳು ಮತ್ತೆ ಹೊರಟವು.

ಕಂದೀಲು ಮಾತ್ರ ಎರಡು ವರ್ಷ ಸೊಲ್ಲಾಪುರದಲ್ಲಿ ಕಾಣಲಿಲ್ಲ. ಆ ಎರಡು ವರ್ಷ ಅವರ ಗಿರಾಕಿಗಳೆಲ್ಲ ನನಗೆ ಬಂದರು. ನಾನು ಬಯಸಿದ್ದು ಅದೇ. ಆದರೆ ಬರುತ್ತಿದ್ದ ಅಂಚೆ ಕಾರ್ಡುಗಳಲ್ಲಿ ಒಂದು ಮಾತು ತಪ್ಪದೆ ಇರುತ್ತಿತ್ತು: 'ಸಾಧ್ಯವಾದರೆ ಕಂದೀಲಿನಂಥ ಬೇಳೆ ಕಳಿಸಿರಿ.' ಮೂರನೆಯ ವರ್ಷ ಅವರು ಮತ್ತೆ ಮಾರುಕಟ್ಟೆಗೆ ಇಳಿದರು. ನನ್ನ ಕೈಗೆ ಬಂದಿದ್ದ ಗಿರಾಕಿಗಳು, ಒಬ್ಬರಿಗೆ ಒಬ್ಬರು ಹೇಳಿಕೊಂಡವರ ಹಾಗೆ, ಒಂದೇ ತಿಂಗಳಲ್ಲಿ ತಿರುಗಿ ಹೋದರು.

ಮುಂದೆ ಹತ್ತು ವರ್ಷ ನನ್ನ ಮಿಲ್ಲು ಹೇಗೋ ನಡೆಯಿತು. ತೊಂಬತ್ತರ ದಶಕದ ಮೊದಲಲ್ಲಿ ನನಗೇ ಸಾಕೆನಿಸಿತು. ಇಬ್ಬರು ಹೆಣ್ಣುಮಕ್ಕಳೂ ಮಾಸ್ತರಿಕೆ ಹಿಡಿದಿದ್ದರು. ಮಿಲ್ಲಿನ ಧೂಳಿಗೆ ನನ್ನ ಕೆಮ್ಮೂ ಹೆಚ್ಚಾಗಿತ್ತು. ರೋಲರುಗಳನ್ನು ಮಾರುತ್ತೇನೆಂದು ತಿಳಿದು ಬಂದವರು ನಿಂಬರ್ಗಾದವರೇ. ಆಗ ಅವರ ಮಿಲ್ಲು ಮೂರು ಪಾಲು ದೊಡ್ಡದಾಗಿತ್ತು. ನನ್ನ ರೋಲರಿನ ಕಲ್ಲನ್ನು ಅಂಗೈಯಿಂದ ಸವರಿ, "ನಿಮ್ಮ ಅಪ್ಪನವರ ಕಾಲದ್ದು. ಇದನ್ನ ನಾ ಕೆಡಸಂಗಿಲ್ರಿ," ಎಂದರು. ಚಹಾ ತರಿಸಿದೆ. ಇಬ್ಬರೂ ಖಾಲಿ ಮಿಲ್ಲಿನಲ್ಲಿ ಕೂತೆವು. ಆ ಮೃದುವಾದ ಮಾತು ಕೇಳಿ ಮನಸ್ಸು ಸಡಿಲಾಯಿತೋ ಏನೋ, ಹೇಳಿಬಿಡಬೇಕು ಎನಿಸಿತು. ಅವರಿಗೆ ಎಲ್ಲ ಗೊತ್ತಿದೆ, ದೊಡ್ಡ ಮನಸ್ಸಿನಿಂದ ಸುಮ್ಮನಿದ್ದಾರೆ ಎಂದು ಅಷ್ಟು ವರ್ಷ ನಂಬಿದ್ದೆ. ಆ ದೊಡ್ಡ ಮನಸ್ಸಿನ ಮೇಲೂ ನನಗೆ ಅಸೂಯೆ ಇತ್ತು.

"ಆ ಲಾರಿ ನಿಮ್ಮಲ್ಲಿಗೆ ಕಳಿಸಿದಾಂವ ನಾನ್ರಿ," ಎಂದೆ. "ನೀವು ಕಾಣ್ದಂಗ ತಗೊಳ್ಳಿ ಅಂತಾನೇ ಕಳಿಸಿದ್ದೆ."

ಅವರು ತುಟಿಯ ಹತ್ತಿರ ಒಯ್ದಿದ್ದ ಬಟ್ಟಲನ್ನು ಹಿಂದಕ್ಕೆ ತಂದು ನನ್ನನ್ನೇ ನೋಡಿದರು. ಅವರಿಗೆ ಗೊತ್ತಿರಲಿಲ್ಲ. ನಾನು ಬೇಡವೆಂದ ಸುದ್ದಿಯನ್ನಷ್ಟೇ ಆ ವ್ಯಾಪಾರಿ ಹೇಳಿದ್ದ; ದಾರಿ ತೋರಿಸಿದವರು ಯಾರೆಂದು ಹೇಳಿರಲಿಲ್ಲ.

"ನಿಮ್ಮ ಮನಿಗೆ ಬಂದು ನಿಮ್ಮನ್ನ ಗುರು ಅಂದಂಗ ಕೈ ಒಡ್ಡಿ ಕೂತಿದ್ನಲ್ರಿ ನಾನು," ಎಂದರು. ದನಿ ಏರಲಿಲ್ಲ. "ಸೊಲ್ಲಾಪುರದಾಗ ಒಬ್ಬ ನನ್ನ ಮುಖದ ಮ್ಯಾಲ ಬ್ಯಾಳಿ ಎರಚಿದ್ದ. ಗೊತ್ತೇನು ನಿಮಗ? ನಾ ಯಾರ ಮುಂದೂ ಹೇಳಿಲ್ಲ." ಬಟ್ಟಲನ್ನು ನೆಲಕ್ಕಿಟ್ಟರು. ಚಹಾ ಅರ್ಧ ಉಳಿದಿತ್ತು. ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ರೋಲರು ಒಯ್ಯಲು ಆಳುಗಳನ್ನು ಕಳಿಸಿದರು, ತಾವು ಬರಲಿಲ್ಲ. ಆಮೇಲೆ ಗಂಜಿನಲ್ಲಾಗಲಿ ಮದುವೆಗಳಲ್ಲಾಗಲಿ ಎದುರಾದರೆ ನನ್ನ ಪಕ್ಕದವರನ್ನು ಮಾತಾಡಿಸಿ ನನ್ನನ್ನು ದಾಟಿ ಹೋಗುತ್ತಿದ್ದರು.

ಇದನ್ನೂ ಬರೆದುಬಿಡುತ್ತೇನೆ. ಅವರು ಅರ್ಧ ಚಹಾ ಬಿಟ್ಟು ಎದ್ದುಹೋದ ಆ ದಿನ ನನಗೆ ಬೇಸರವಾಯಿತು, ಅದರ ಜೊತೆಗೇ ಒಂದು ಬಗೆಯ ಸಮಾಧಾನವೂ ಆಯಿತು. ಇವರಿಗೂ ಸಿಟ್ಟು ಬರುತ್ತದೆ, ಇವರೂ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ, ನನ್ನಂಥವರೇ ಎನಿಸಿತು. ಹೆಂಡತಿಗೆ ನಡೆದದ್ದನ್ನು ಹೇಳಿದೆ. ಇಷ್ಟು ವರ್ಷದ ಮೇಲೆ ಅವಳು ಎದ್ದು ಒಳಗೆ ಹೋಗದೆ ಪೂರ್ತಿ ಕೇಳಿದಳು. "ಹೇಳಿದ್ದು ಚಲೋ ಆತು. ಆದ್ರ ನಿಮಗ ಹಗುರಾಗ್ಲಿ ಅಂತ ಹೇಳಿದ್ರಿ, ಅವ್ರಿಗೆ ಅಲ್ಲ," ಎಂದಳು.

ಕೆಲವು ವರ್ಷಗಳ ನಂತರ ಜೇವರ್ಗಿಯ ಚಾಚಾ ತೀರಿಕೊಂಡರು. ಮಣ್ಣು ಮಾಡಲು ನಾವೆಲ್ಲ ಹೋಗಿದ್ದೆವು. ಮರಳುವಾಗ ಗುಲಬರ್ಗಾದ ಸಂಜೆಯ ಬಸ್ಸು ಕಿಕ್ಕಿರಿದಿತ್ತು. ನಾನು ಹಿಂದಿನ ಬಾಗಿಲಿನಿಂದ ಹತ್ತಿದೆ, ನಿಂಬರ್ಗಾದವರು ಮುಂದಿನ ಬಾಗಿಲಿನಿಂದ. ಇಬ್ಬರ ಕೂದಲೂ ಬೆಳ್ಳಗಾಗಿತ್ತು, ಇಬ್ಬರೂ ಕಂಬಿ ಹಿಡಿದು ನಿಂತಿದ್ದೆವು. ಭೀಮೆಯ ಸೇತುವೆ ದಾಟುವ ಹೊತ್ತಿಗೆ ಅವರು ಒಮ್ಮೆ ಹಿಂದೆ ತಿರುಗಿ ನನ್ನನ್ನು ನೋಡಿದರು. ಮುಖದಲ್ಲಿ ಸಿಟ್ಟು ಇತ್ತೋ ಇಲ್ಲವೋ ಆ ನೂಕುನುಗ್ಗಲಿನಲ್ಲಿ ತಿಳಿಯಲಿಲ್ಲ. ಅಷ್ಟರಲ್ಲಿ ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಮಾಸ್ತರರು ಎದ್ದು, "ಬರ್ರಿ ಯಜಮಾನ್ರ, ಕೂಡ್ರಿ," ಎಂದು ಅವರಿಗೆ ಜಾಗ ಬಿಟ್ಟುಕೊಟ್ಟರು. ಅವರು ಕೂತು, ಟೊಪ್ಪಿಗೆ ಸರಿಮಾಡಿಕೊಂಡು, ಗಾಳಿಗೆ ಮುಖವೊಡ್ಡಿದರು. ನಾನು ಗುಲಬರ್ಗಾದ ತನಕ ನಿಂತೇ ಬಂದೆ. ಆ ಮಾಸ್ತರರ ಕಣ್ಣಿಗೆ ನಾನು ಯಾಕೆ ಬೀಳಲಿಲ್ಲ ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ.